ಅಣ್ವಸ್ತ್ರ: ಮಾಡಿಕೊಟ್ಟವರ ಹೊಣೆ

ಅಣ್ವಸ್ತ್ರ ತಯಾರಿಕೆಯಲ್ಲಿ ಖಾಸಗಿ ಕಂಪನಿಗಳ ಪಾತ್ರವನ್ನು ಕುರಿತು ನೆದರ್ಲೆಂಡ್ಸಿನ ಶಾಂತಿ ಸಂಸ್ಥೆ ಪ್ಯಾಕ್ಸ್ 2019ರಲ್ಲಿ ಪ್ರಕಟಿಸಿದ ವರದಿಯ ಹಿರಿಮೆಯೆಂದರೆ, ಅದು ಹೆಸರು ಹೇಳಲು ಅಂಜುವುದಿಲ್ಲ. ಅದು ಹೆಸರಿಸಿದವುಗಳಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಒಂದು. 2009ರಲ್ಲಿ ನೀರಿಗಿಳಿದ ಅಣ್ವಸ್ತ್ರವಾಹಕ ಜಲಾಂತರ್ಗಾಮಿ ಅರಿಹಂತ್‌ನ ಒಡಲು ಸಿದ್ಧವಾದದ್ದು ಈ ಕಂಪನಿಯ ಹಜೀರಾ ಕಾರ್ಖಾನೆಯಲ್ಲಿ. ಭಾರತೀಯ ಜೀವವಿಮಾ ನಿಗಮ ಅದರ ದೊಡ್ಡ ಷೇರುದಾರರಲ್ಲೊಂದು. ಹಾಗಾದರೆ ಗೋವಿನಕೋವಿಯಲ್ಲಿ ವಿಮೆಯ ಕಂತು ಕಟ್ಟುವ ರೈತನೂ ಪಾಲುದಾರನೇ?

ವರದಿ ಹಣದ ಜಾಡು ಹಿಡಿಯುತ್ತದೆ, ಹೊಣೆಯ ತರತಮವನ್ನು ತೂಗುವುದಿಲ್ಲ. ತೂಗುವ ಕೆಲಸ ನಮ್ಮದು. ಅದೇ ವರ್ಷ ಹಿರೋಶಿಮಾದಲ್ಲಿ ಜಗದ್ಗುರು ಫ್ರಾನ್ಸಿಸರು ಅಣ್ವಸ್ತ್ರಗಳನ್ನು ಇಟ್ಟುಕೊಳ್ಳುವುದೂ ಅನೈತಿಕವೆಂದು ಸಾರಿದರು. ಆ ಮಾತು ಮೊದಲು ತಟ್ಟುವುದು ರಾಷ್ಟ್ರಗಳನ್ನು. ಮಾಡಿಕೊಡುವವರನ್ನು ಅಳೆಯಲು ನೀತಿ ದೈವಶಾಸ್ತ್ರದಲ್ಲಿ ಸಂತ ಅಲ್ಫೋನ್ಸ್ ಲಿಗೋರಿಯವರು ಬಳಸಿದ ತಕ್ಕಡಿಯಿದೆ. ಕೇಡಿನ ಉದ್ದೇಶವನ್ನೇ ಒಪ್ಪಿ ನೆರವಾಗುವುದು ಬೇರೆ. ಒಪ್ಪದೆ, ದೂರದಿಂದ ನೆರವಾಗುವುದು ಬೇರೆ. ತಿಳಿದೇ ಗುತ್ತಿಗೆಗೆ ಸಹಿ ಹಾಕುವ ನಿರ್ದೇಶಕ ಕೇಡಿಗೆ ಹತ್ತಿರ. ಬೆಸುಗೆಯ ಕಾರ್ಮಿಕ ಹೊಟ್ಟೆಪಾಡಿಗೆ ಕಟ್ಟುಬಿದ್ದವನು. ತನ್ನ ಕಂತು ಎಲ್ಲಿಗೆ ಹೋಗುತ್ತದೆಂದು ಅರಿಯದ ರೈತ ಬಲುದೂರ.

ಆದರೆ ನಿಧಿ ಹೂಡುವ ಧರ್ಮಪ್ರಾಂತ್ಯಗಳಿಗೂ ಧಾರ್ಮಿಕ ಸಭೆಗಳಿಗೂ ರೈತನಿಗಿಲ್ಲದ ಆಯ್ಕೆಯಿದೆ. ತಿಳಿದ ಮೇಲೂ ಲೆಕ್ಕಪುಸ್ತಕ ತೆರೆಯದೆ ಶಾಂತಿಯ ಪ್ರಬೋಧನೆ ಮಾಡಿದರೆ, ದೂರದಲ್ಲಿದ್ದೇವೆಂಬ ನೆಪ ನಮಗೆ ಉಳಿಯದು.