ಹೆಸರು ಬರೆಯಲು ಜಾಗವಿಲ್ಲದ ದೇಣಿಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸರ್ಕಾರಿ ಶಾಲೆಗಳಲ್ಲಿ ದಾನಿಗಳ ಹೆಸರು ಓದುತ್ತಲೇ ಗೇಟಿನಿಂದ ತರಗತಿಯವರೆಗೆ ಹೋಗಬಹುದು. ಕಮಾನಿನ ಮೇಲೆ ಒಂದು ಹೆಸರು, ನೀರಿನ ಟಾಕಿಯ ಮೇಲೆ ಇನ್ನೊಂದು, ಫ್ಯಾನಿನ ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ಯಾರದೋ ಸ್ಮರಣಾರ್ಥ. ಊರವರು ಶಾಲೆಗೆ ಕೊಡುವುದಿಲ್ಲ ಎಂಬ ದೂರು ಈ ಸೀಮೆಗೆ ಒಪ್ಪುವಂಥದ್ದಲ್ಲ. ಕೊಡುತ್ತಾರೆ, ಕೈಬಿಚ್ಚಿಯೇ ಕೊಡುತ್ತಾರೆ. ಆದರೆ ಹಾಡು, ಚಿತ್ರ, ನಾಟಕ, ಓದುವ ಪುಸ್ತಕ, ಆಟ, ಪ್ರವಾಸ ಇವುಗಳ ಮೇಲೆ ಹೆಸರು ಬರೆಯಲು ಜಾಗವಿಲ್ಲ. ಹಾಗಾಗಿ ದೇಣಿಗೆಯೂ ಅತ್ತ ಸುಳಿಯುವುದು ಕಡಿಮೆ.

ರೊಕ್ಕ ಕೂಡಿಸಿ ವಿದ್ಯೆ ಬೆಳೆಸುವುದು ಇಲ್ಲಿಗೆ ಹೊಸದೇನಲ್ಲ. 1910ರಲ್ಲಿ ಫ.ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ ಹುಟ್ಟಿದ ಬಿಎಲ್‌ಡಿಇ ಸಂಸ್ಥೆಗಾಗಿ ಇಂಡಿ ಸೀಮೆಯ ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಆ ಜೋಳಿಗೆ ತುಂಬಿದ್ದು ಸಂಸ್ಥೆಯ ಶಾಲೆ ಕಾಲೇಜುಗಳಿಗೆ. ಸರ್ಕಾರಿ ಸಾಲಿ ಮಾತ್ರ ಸರ್ಕಾರದ್ದೇ ಎಂದು ಉಳಿಯಿತು. ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯ ಬೆನ್ನಿಗೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂದು ಪಾಲಕರನ್ನು ಒಳಗೆ ಕರೆಯಿತು. ಕರೆದದ್ದು ಸರಿ. ಆದರೆ ಬಹಳ ಕಡೆ ಸಮಿತಿಯ ಕೆಲಸವೆಂದರೆ ಕಟ್ಟಡದ ಕೆಲಸ ಎಂದೇ ಊರಿಗೆ ಅರ್ಥವಾಯಿತು.

ಈ ಮಾತಿಗೆ ಒಂದು ಅಪವಾದವಿದೆ: ಶಾಲಾ ಮಕ್ಕಳ ಹಾಡು, ಕಲೆಗಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿ. ಕ್ಲಸ್ಟರ್ ಮಟ್ಟದ ಕಾರಂಜಿ ತಮ್ಮೂರಿಗೆ ಬಂತೆಂದರೆ ಹಿರಿಯರು ತಾವೇ ಪಟ್ಟಿ ಎತ್ತುತ್ತಾರೆ. ಒಬ್ಬರು ಶಾಮಿಯಾನ ಹೊರುತ್ತಾರೆ, ಒಬ್ಬರು ಬಹುಮಾನದ ತಟ್ಟೆ ಲೋಟ ಕೊಡಿಸುತ್ತಾರೆ, ಇನ್ನೊಬ್ಬರ ಮನೆಯಿಂದ ಹುಗ್ಗಿಗೆ ಗೋದಿ ಬರುತ್ತದೆ. ಸುತ್ತಲಿನ ಹತ್ತಾರು ಶಾಲೆಯ ಮಕ್ಕಳು ಅಂದು ಆ ಊರಿನಲ್ಲೇ ಉಣ್ಣುತ್ತಾರೆ. ಇಷ್ಟಾದರೂ ಆ ದುಡ್ಡು ಒಂದು ದಿನದ ದುಡ್ಡು. ವೇದಿಕೆ ಹತ್ತಿದ ಹುಡುಗಿಗೆ ಹಾಡು ಕಲಿಸಿದವರು ಯಾರು? ಸಾಮಾನ್ಯವಾಗಿ ಮೊಬೈಲು, ಅದೃಷ್ಟವಿದ್ದರೆ ಭಜನಿ ಮೇಳದ ನಂಟಿರುವ ಒಬ್ಬ ಮಾಸ್ತರು. ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ, ಚಿತ್ರಕಲೆಯ ಶಿಕ್ಷಕರು ಅಪರೂಪ. ಶಾಲೆಯ ವಾರ್ಷಿಕೋತ್ಸವದ, ಅಂದರೆ ಗ್ಯಾದರಿಂಗಿನ ಕತೆಯೂ ಇದೇ. ಡಿಜೆ ಬಾಡಿಗೆಗೆ ವರ್ಗಣಿ ಬೇಗ ಕೂಡುತ್ತದೆ, ಹಾರ್ಮೋನಿಯಂ ಕಲಿಸುವವರ ತಿಂಗಳ ಗೌರವಧನಕ್ಕೆ ಕೂಡುವುದಿಲ್ಲ. ಗರತಿಯ ಹಾಡುಗಳನ್ನು ಕೂಡಿಸಿ 1931ರಲ್ಲಿ ಪುಸ್ತಕ ಮಾಡಿದ ಹಲಸಂಗಿ ಗೆಳೆಯರ ನೆಲ ಇದು. ಅವರಲ್ಲೊಬ್ಬರಾದ ಸಿಂಪಿ ಲಿಂಗಣ್ಣ ವೃತ್ತಿಯಿಂದ ಶಾಲಾ ಮಾಸ್ತರರು. ಅವರು ಹಾಡು ಹುಡುಕಿದ ಊರುಗಳ ಮಕ್ಕಳು ಇಂದು ಪೆನ್‌ಡ್ರೈವಿನ ಹಾಡಿಗೆ ಕುಣಿಯುತ್ತಾರೆ. ಬೀಸುವ ಹಾಡು ಬಲ್ಲ ಮುದುಕಿಯೊಬ್ಬಳನ್ನು ವಾರಕ್ಕೊಮ್ಮೆ ಶಾಲೆಗೆ ಕರೆತರಲು ಎಷ್ಟು ಖರ್ಚಾದೀತು?

ಇತ್ತೀಚೆಗೆ ಬೆಳೆದಿರುವ ಇನ್ನೊಂದು ಪದ್ಧತಿ ಗುರುವಂದನೆ. ಹಳೆಯ ವಿದ್ಯಾರ್ಥಿಗಳು ವಾಟ್ಸ್ಆ್ಯಪಿನಲ್ಲಿ ಕೂಡುತ್ತಾರೆ, ನಿವೃತ್ತ ಗುರುಗಳನ್ನು ಮೆರವಣಿಗೆಯಲ್ಲಿ ಕರೆತಂದು ಶಾಲು ಹೊದಿಸುತ್ತಾರೆ, ಊಟ ಮಾಡುತ್ತಾರೆ, ಹೋಗುವಾಗ ಶಾಲೆಗೊಂದು ಸ್ಮಾರ್ಟ್ ಟಿವಿ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ವಿಮರ್ಶೆ ಪ್ರೀತಿಯನ್ನಲ್ಲ, ಫಲವನ್ನು ಅಳೆಯಬೇಕು. ಟಿವಿ ಕೊಟ್ಟವರು ಅದರ ರಿಪೇರಿಗೆ, ಇಂಟರ್ನೆಟ್ಟಿಗೆ, ಅದನ್ನು ಬಳಸಿ ಪಾಠ ಕಟ್ಟುವವರಿಗೆ ಏನನ್ನೂ ಎತ್ತಿಡುವುದಿಲ್ಲ. ಮೆರವಣಿಗೆಯ ಖರ್ಚಿನಲ್ಲಿ ಒಂದು ಪಾಲನ್ನು ಮೂರು ವರ್ಷದ ಮಕ್ಕಳ ಪತ್ರಿಕೆಗಳ ಚಂದಾಕ್ಕೆ ಇಟ್ಟಿದ್ದರೆ ಗುರುಗಳೂ ಹೆಚ್ಚು ಹಿಗ್ಗುತ್ತಿದ್ದರೇನೋ.

ಇವುಗಳ ನಡುವೆ ನನಗೆ ಹೆಚ್ಚು ಒಪ್ಪಿತವೆನಿಸುವುದು ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ. ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಜೊತೆಗೆ ರಾಜ್ಯದಲ್ಲಿ ಹಬ್ಬಿದ ಈ ಪದ್ಧತಿಯಲ್ಲಿ 4, 5, 6ನೇ ತರಗತಿಯ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಬಹುಮಾನ, ಊಟ, ವ್ಯವಸ್ಥೆಯ ಖರ್ಚನ್ನು ಪಂಚಾಯಿತಿ ಸದಸ್ಯರು, ಎಸ್‌ಡಿಎಂಸಿ, ಊರ ದಾನಿಗಳು ಹಂಚಿಕೊಳ್ಳುತ್ತಾರೆ. ಖರ್ಚು ಸಣ್ಣದು. ಐದನೇ ತರಗತಿಯ ಮಗುವಿಗೆ ಭಾಗಾಕಾರ ಬರುವುದಿಲ್ಲ ಎಂಬುದು ಊರವರ ಕಣ್ಣಿಗೇ ಬೀಳುತ್ತದೆ. ಹಣ ಕೊಟ್ಟವರು ಅಂದು ಗೋಡೆಯ ಬಣ್ಣವನ್ನಲ್ಲ, ಕಲಿಕೆಯನ್ನು ನೋಡುತ್ತಾರೆ. ಕೊರತೆಯೂ ಇದೆ. ಬಹುಮಾನ ಬರುವುದು ಮೊದಲೇ ಬಲ್ಲ ಕೆಲವೇ ಮಕ್ಕಳಿಗೆ. ಉಳಿದವರಿಗೆ ಮರುದಿನ ಏನು ಎಂಬುದಕ್ಕೆ ಸ್ಪರ್ಧೆಯಲ್ಲಿ ಉತ್ತರವಿಲ್ಲ.

ಹಾಗಾದರೆ ಪಾಲಕರಿಂದಲೇ ತಿಂಗಳು ತಿಂಗಳು ಕೂಡಿಸಬಾರದೇ? 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ ಪಾಲಕರಿಂದ ತಿಂಗಳಿಗೆ ₹100 ಸ್ವಯಂಪ್ರೇರಿತ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಡಿಸಿ, ವಿರೋಧ ಬಂದೊಡನೆ ಕೆಲವೇ ದಿನಗಳಲ್ಲಿ ಹಿಂಪಡೆಯಿತು. ಹಿಂಪಡೆದದ್ದು ಒಳ್ಳೆಯದೇ ಆಯಿತು. ಈ ತಾಲ್ಲೂಕುಗಳಿಂದ ಸುಗ್ಗಿ ಮುಗಿದ ಮೇಲೆ ಗೋವಾಕ್ಕೆ, ಮಂಗಳೂರಿಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳೇ ಸರ್ಕಾರಿ ಶಾಲೆಯ ಹಾಜರಿಯ ದೊಡ್ಡ ಪಾಲು. ಅವರ ಮುಂದೆ ಸರ್ಕಾರವೇ ಕೈಚಾಚಿದರೆ ಸ್ವಯಂಪ್ರೇರಣೆ ಎಂಬುದಕ್ಕೆ ಏನು ಬೆಲೆ? ಆದರೆ ಸರ್ಕಾರ ಕೊಡುವುದೂ ಎಷ್ಟು: ಸಮಗ್ರ ಶಿಕ್ಷಣ ಯೋಜನೆಯಲ್ಲಿ ಆಟದ ಸಾಮಗ್ರಿಗೆ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ₹5,000, ಹಿರಿಯ ಪ್ರಾಥಮಿಕಕ್ಕೆ ₹10,000ದ ಮಿತಿ. ಶಿಕ್ಷಕ, ಕೋಣೆ, ಶೌಚಾಲಯ, ನೀರು ಸರ್ಕಾರದ ಹೊಣೆ. ಅದನ್ನು ಊರ ಮೇಲೆ ಹಾಕುವ ಯಾವ ಯೋಜನೆಯನ್ನೂ, ಅದರ ಹೆಸರು ಎಷ್ಟೇ ಚೆಂದವಿರಲಿ, ಅನುಮಾನದಿಂದಲೇ ನೋಡಬೇಕು. ಊರ ದುಡ್ಡು ಅದರಾಚೆಗಿನದಕ್ಕೆ ಮೀಸಲಾಗಬೇಕು.

ಅದನ್ನು ಕೂಡಿಸುವ ರೀತಿಗೆ ಜಾತ್ರೆಯ ಪಟ್ಟಿಯೇ ಸಾಕಷ್ಟು ಒಳ್ಳೆಯ ಮಾದರಿ. ವರ್ಷಕ್ಕೊಮ್ಮೆ, ಶಕ್ತ್ಯನುಸಾರ, ಇಲ್ಲದವನಿಗೆ ಒತ್ತಾಯವಿಲ್ಲ, ಕೊನೆಗೆ ಗುಡಿಯ ಕಟ್ಟೆಯ ಮೇಲೆ ಜಮಾಖರ್ಚು ಓದುವುದು. ಶಾಲೆಯ ದೇಣಿಗೆಗೆ ಈ ಓದುವಿಕೆಯೇ ಇಲ್ಲ. ಬಿಲ್ಲು ಮುಖ್ಯಗುರುಗಳ ಕಪಾಟಿನಲ್ಲಿ ಉಳಿಯುತ್ತದೆ, ಸಂಶಯ ಊರಲ್ಲಿ ಓಡಾಡುತ್ತದೆ.

ಇನ್ನೂ ಗಟ್ಟಿಯಾದ ತೊಡಕು ಊರೂರಿನ ನಡುವಿನ ಅಂತರ. ಕಾಲುವೆ ನೀರು ಹರಿದ ಊರು, ನಿಂಬೆ ಬೆಳೆದ ಊರು, ಬೆಂಗಳೂರಿನಲ್ಲಿ ನೌಕರಿ ಹಿಡಿದವರಿರುವ ಊರು ಶಾಲೆಗೆ ಕೊಡಬಲ್ಲದು. ಮನೆಗೆ ಬೀಗ ಹಾಕಿ ಗುಳೆ ಹೋಗುವ ತಾಂಡಾ ಕೊಡಲಾರದು. ಕೂಡಗಿಯ 2,400 ಮೆಗಾವ್ಯಾಟಿನ ಎನ್‌ಟಿಪಿಸಿ ಸ್ಥಾವರ ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆ ನಡೆಸುವ ವಸತಿ ಶಿಬಿರ ನಿಜಕ್ಕೂ ಒಳ್ಳೆಯದು, ಆದರೆ ಅದು ತಲುಪುವುದು ಸ್ಥಾವರದ ಸುತ್ತಲಿನ ಊರುಗಳನ್ನು. ದೇಣಿಗೆ ಇದ್ದಲ್ಲಿಗೇ ಹರಿದು ಅಂತರ ಹಿಗ್ಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸರ್ಕಾರಿ ಶಾಲೆಗಳೂ ಇದೇ ತೊಡಕನ್ನು ಕಂಡಿದ್ದವು. ಅಲ್ಲಿ ಒಂದು ಶಾಲೆಯ ಪಾಲಕರು ಕೂಡಿಸಿದ ಮೊದಲ 10,000 ಡಾಲರ್ ಬಿಟ್ಟು, ಉಳಿದುದರಲ್ಲಿ ಮೂರನೇ ಒಂದು ಭಾಗವನ್ನು ಬಡ ಶಾಲೆಗಳಿಗೆ ಹಂಚುವ ಸಾಮಾನ್ಯ ನಿಧಿಗೆ ಹಾಕುವ ನಿಯಮ ಹಲವು ವರ್ಷ ನಡೆಯಿತು.

ಕ್ಲಸ್ಟರ್ ಮಟ್ಟದಲ್ಲಿ ಅಂಥ ಒಂದು ಗಂಟು ಕಟ್ಟಿ, ಒಬ್ಬ ಹಾಡಿನ ಮಾಸ್ತರು, ಒಂದು ಪುಸ್ತಕದ ಪೆಟ್ಟಿಗೆ ಹತ್ತೂ ಶಾಲೆ ಸುತ್ತುವಂತೆ ಮಾಡಬಹುದು. ‘ನಮ್ಮೂರ ರೊಕ್ಕ ಬ್ಯಾರೆ ಊರಿಗ್ಯಾಕ?’ ಎಂಬ ಮಾತು ಬಂದೇ ಬರುತ್ತದೆ. ಆದರೆ ಕಾರಂಜಿಯ ದಿನ ಹುಗ್ಗಿ ಬಡಿಸುವಾಗ ಯಾವ ಊರಿನ ಹುಡುಗ ಎಂದು ಯಾರೂ ಕೇಳುವುದಿಲ್ಲ. ಮೇಲಾಗಿ ಎಂಟನೇ ತರಗತಿಗೆ ಈ ಮಕ್ಕಳಲ್ಲಿ ಬಹುತೇಕರು ಒಂದೇ ಹೈಸ್ಕೂಲಿನ ಬೆಂಚಿನ ಮೇಲೆ ಕೂರುವವರು.