ಸೋಲು ಯಾರ ಖಾತೆಗೆ?

ಕೋಲಾರ ಚಿನ್ನದ ಗಣಿಯ ನಮ್ಮೂರಲ್ಲಿ, ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲುಹಳಿ ಮುಗಿಯುತ್ತದೆ. ಆಚೆ ಸೈನೈಡ್ ದಿಬ್ಬಗಳ ಕಡೆ ಬಯಲು ಸಿಕ್ಕಲ್ಲಿ ನಮ್ಮ ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಾರೆ. ಪಂದ್ಯ ಸೋತರೆ ಕೊನೇ ಓವರ್ ಎಸೆದವನ ಕಥೆ ಮುಗಿದಂತೆ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈಗುಳ ಬೀಳುತ್ತದೆ. ಸ್ಕೋರ್ ಬರೆದ ನೋಟ್‌ಬುಕ್ಕನ್ನು ಹಿಂದಕ್ಕೆ ತಿರುವಿ, ನಾವು ಹೊಡೆದದ್ದೆಷ್ಟು ಎಂದು ಯಾರೂ ನೋಡುವುದಿಲ್ಲ.

ಅಮೆರಿಕದ ಬೇಸ್‌ಬಾಲ್ ಈ ಬೈಗುಳವನ್ನೇ ನಿಯಮ ಮಾಡಿಕೊಂಡಿದೆ. ಪ್ರತಿ ಪಂದ್ಯದ ಸೋಲನ್ನೂ ಚೆಂಡೆಸೆಯುವ ಒಬ್ಬ ಪಿಚರ್‌ನ ಹೆಸರಿಗೆ ಬರೆಯಲೇಬೇಕು. ನ್ಯೂಯಾರ್ಕ್ ಮೆಟ್ಸ್ ತಂಡದ ಆಂಥನಿ ಯಂಗ್ 1992-93ರಲ್ಲಿ ಸಾಲಾಗಿ 27 ಸೋಲು ಹೊತ್ತ. ಆಗಿನ್ನೂ ಇಪ್ಪತ್ತಾರು, ಇಪ್ಪತ್ತೇಳರ ಹುಡುಗ. 1993ರಲ್ಲಿ ಅವನ ಲೆಕ್ಕ ಒಂದು ಗೆಲುವು, 16 ಸೋಲು. ಆದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟರೆ, ಒಂಬತ್ತು ಇನಿಂಗ್ಸಿಗೆ ಅವನು ಬಿಟ್ಟುಕೊಟ್ಟದ್ದು ಸರಾಸರಿ 3.77 ರನ್, ಕೆಟ್ಟ ಪಿಚರ್‌ನ ಅಂಕಿ ಅದಲ್ಲ. ಜೊತೆಯವರನ್ನು ನೋಡಿ: ಅದೇ ತಂಡದ ಹೆಸರಾಂತ ಡ್ವೈಟ್ ಗುಡನ್ ಕೂಡ ಆ ವರ್ಷ 12 ಗೆದ್ದು 15 ಸೋತ. ಮೆಟ್ಸ್ ತಂಡವೇ 103 ಪಂದ್ಯ ಸೋತಿತ್ತು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಯಂಗ್‌ನ 27.

ಇದನ್ನು ಓದಿದಾಗ ನನಗೆ ಸಂಕಟವಾಗುತ್ತದೆ. 2001ರ ಫೆಬ್ರವರಿ 28ರಂದು ನಮ್ಮ ಗಣಿ ಮುಚ್ಚಿದಾಗಲೂ ಹೇಳಿದ್ದು ನಷ್ಟದ ಮಾತನ್ನೇ. ಅದಿರಿನಲ್ಲಿ ಚಿನ್ನ ತೆಳುವಾಗಿತ್ತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅದು ನೆಲದ ಗುಣ. ಮನೆಗೆ ಹೋದವನು ಆ ನೆಲ ಕೊರೆದವನು.

ಹಾಗಂತ ಪಿಚರ್‌ಗಳ ಲೆಕ್ಕದಲ್ಲಿನ ಸೋಲಿನ ಕಾಲಂ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಬೇಸ್‌ಬಾಲಿನಲ್ಲಿ ಅತಿ ಹೆಚ್ಚು ಗೆದ್ದ ಪಿಚರ್ ಸೈ ಯಂಗ್: 511 ಗೆಲುವು. ಅತಿ ಹೆಚ್ಚು ಸೋತವನೂ ಅವನೇ: 315. ಅಷ್ಟು ಸೋಲಬೇಕಾದರೆ ಅಷ್ಟು ಸಲ ಯಾರೋ ನಂಬಿ ಚೆಂಡು ಕೈಗೆ ಕೊಟ್ಟಿರಬೇಕು. ಈ ಕಾಲಂನಲ್ಲಿ ನಂಬಿಕೆಯ ಲೆಕ್ಕ ಸಿಗುತ್ತದೆ, ಯೋಗ್ಯತೆಯದಲ್ಲ.

ನಮ್ಮವರನ್ನೇ ಈ ಲೆಕ್ಕಕ್ಕೆ ಹಚ್ಚಿ ನೋಡೋಣ. 1999ರಲ್ಲಿ ಪಾಕಿಸ್ತಾನದೆದುರು ನಾಲ್ಕು ವಾರದೊಳಗೆ ಮೂರು ಟೆಸ್ಟ್, ಮೂವರು ಕನ್ನಡಿಗ ಬೌಲರ್‌ಗಳು. ಚೆನ್ನೈನಲ್ಲಿ ವೆಂಕಟೇಶ್ ಪ್ರಸಾದ್ 33 ರನ್ನಿಗೆ ಆರು ವಿಕೆಟ್ ಕಿತ್ತರು. ಕೊನೆಯ ಐದಕ್ಕೆ ಒಂದು ರನ್ನನ್ನೂ ಕೊಡಲಿಲ್ಲ. ಭಾರತ 12 ರನ್ನಿನಿಂದ ಸೋತಿತು. ಕೋಲ್ಕತ್ತದಲ್ಲಿ ಪಾಕಿಸ್ತಾನ ಮೊದಲ ದಿನ 26ಕ್ಕೆ ಆರು. ಶ್ರೀನಾಥ್ ಪಂದ್ಯದಲ್ಲಿ 132 ರನ್ನಿಗೆ 13 ವಿಕೆಟ್ ತೆಗೆದರು. ಆದರೂ ಭಾರತಕ್ಕೆ 46 ರನ್ನಿನಿಂದ ಸೋಲು. ಬೇಸ್‌ಬಾಲಿನ ರೀತಿ ಬರೆದರೆ ಪ್ರಸಾದ್‌ಗೊಂದು ಸೋಲು, ಶ್ರೀನಾಥ್‌ಗೊಂದು ಸೋಲು. ನಡುವೆ ದೆಹಲಿಯಲ್ಲಿ 74ಕ್ಕೆ ಹತ್ತೂ ವಿಕೆಟ್ ಕಿತ್ತ ಕುಂಬ್ಳೆಗೊಂದು ಗೆಲುವು. ಸಹ ಆಟಗಾರರನ್ನು ಹೋಲಿಸುವ ರೀತಿ ಇದೇ ಆದರೆ, ನನಗದು ಬೇಡ.

ದೆಹಲಿಯ ಆ ಇನಿಂಗ್ಸ್‌ನಲ್ಲಿ ಶ್ರೀನಾಥ್ ಹೆಸರಿನ ಮುಂದೆ ವಿಕೆಟ್ ಸೊನ್ನೆ. ಕುಂಬ್ಳೆ ಒಂಬತ್ತು ತೆಗೆದಿದ್ದರು, ಉಳಿದದ್ದು ಒಂದೇ. ಚೆಂಡು ಶ್ರೀನಾಥ್ ಕೈಗೆ ಬಂತು. ಓವರಿನುದ್ದಕ್ಕೂ ಅವರು ಆಫ್ ಸ್ಟಂಪಿನಿಂದ ದೂರ ಹೊರಗೆ ಎಸೆದರು, ಬ್ಯಾಟಿಗೆ ತಾಗದ ಹಾಗೆ, ವೈಡ್ ಆದರೂ ಆಗಲಿ ಎಂದು. ಕುಂಬ್ಳೆಯ ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಹೊಡೆದ ಚೆಂಡು ಲಕ್ಷ್ಮಣ್ ಕೈಗೆ ಹೋಯಿತು.