ಬರೆಯೋನು ಬರೀತಾನೇ ಇರಬಾರದಾ?

ಮಾಗಡಿ ರೋಡಿನಲ್ಲೋ, ರಾಜಾಜಿನಗರದ ನವರಂಗ್ ಹತ್ತಿರವೋ ಗೋಡೆಗೆ ಅಂಟಿಸಿರೋ ಹೊಸಬರ ಸಿನಿಮಾ ಪೋಸ್ಟರನ್ನು ಕೆಳಗಿನ ಸಾಲಿನವರೆಗೂ ಓದಿ ನೋಡಿ. ‘ಕಥೆ–ಚಿತ್ರಕಥೆ–ಸಂಭಾಷಣೆ–ನಿರ್ದೇಶನ’ ಅಂತ ಇರುತ್ತೆ, ಪಕ್ಕದಲ್ಲಿ ಬಹಳ ಸಲ ಒಂದೇ ಹೆಸರು. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ, ತಾನೇ ಕೋಡ್ ಬರೆದು, ತಾನೇ ರಿವ್ಯೂ ಮಾಡಿ, ತಾನೇ ರಿಲೀಸ್ ಮಾಡಿದ ಹಾಗೆ. ಆಫೀಸಿನಲ್ಲಿ ಯಾರಾದ್ರೂ ಹಾಗೆ ಮಾಡಿದರೆ ನಮಗೆ ಭಯ ಆಗುತ್ತೆ. ಸಿನಿಮಾದಲ್ಲಿ ಮಾತ್ರ ಅದು ಹೆಮ್ಮೆ.

ಮೊದಲೆಲ್ಲ ಹೀಗೇ ಇತ್ತು ಅಂತೇನಿಲ್ಲ. 1970ರ ‘ಸಂಸ್ಕಾರ’ದ ಕಾದಂಬರಿ ಅನಂತಮೂರ್ತಿಯವರದ್ದು, ಚಿತ್ರಕಥೆ ಗಿರೀಶ ಕಾರ್ನಾಡರದ್ದು, ನಿರ್ದೇಶನ ಪಟ್ಟಾಭಿರಾಮ ರೆಡ್ಡಿಯವರದ್ದು. 1972ರ ‘ಬಂಗಾರದ ಮನುಷ್ಯ’ದ ಕಾದಂಬರಿ ಟಿ.ಕೆ. ರಾಮರಾವ್ ಅವರದ್ದು, ಸಂಭಾಷಣೆ ಹುಣಸೂರು ಕೃಷ್ಣಮೂರ್ತಿಯವರದ್ದು, ನಿರ್ದೇಶನ ಸಿದ್ಧಲಿಂಗಯ್ಯನವರದ್ದು. ಚಿ. ಉದಯಶಂಕರ್ ಹೆಸರು ನಮ್ಮಂಥ ಹಳ್ಳಿ ಮನೆಗಳಿಗೂ ಗೊತ್ತಿದ್ದದ್ದು ಅವರು ಬರೆದಿದ್ದಕ್ಕೇ.

ಇತ್ತೀಚೆಗೆ ಒಂದು ಆಸೆ ಹುಟ್ಟಿಸಿದ್ದು 2016ರ ‘ಕಿರಿಕ್ ಪಾರ್ಟಿ’. ಅದರ ಬರವಣಿಗೆಯಲ್ಲಿ ‘ದಿ ಸೆವೆನ್ ಆಡ್ಸ್’ ಅನ್ನೋ ತಂಡದ ಹೆಸರಿತ್ತು. ಒಟ್ಟಿಗೆ ಕೂತು ಬರೆಯೋ ಗುಂಪೊಂದು ಕೊನೆಗೂ ಬಂತು ಅನ್ನಿಸಿತ್ತು. ಆಮೇಲೆ ಏನಾಯ್ತು? ಆ ಬಳಗದ ಕಿರಣ್‌ರಾಜ್ ‘777 ಚಾರ್ಲಿ’ ನಿರ್ದೇಶಿಸಿದರು, ಚಂದ್ರಜಿತ್ ಬೆಳ್ಳಿಯಪ್ಪ ‘ಇಬ್ಬನಿ ತಬ್ಬಿದ ಇಳೆಯಲಿ’, ಅಭಿಜಿತ್ ಮಹೇಶ್ ‘ಬ್ಯಾಚುಲರ್ ಪಾರ್ಟಿ’. ಅವರ ಬೆಳವಣಿಗೆ ಸಂತೋಷವೇ. ಆದರೆ ನಮ್ಮಲ್ಲಿ ಬರವಣಿಗೆ ಅನ್ನೋದು ನಿರ್ದೇಶಕನ ಕುರ್ಚಿಗೆ ಹೋಗೋ ಮೆಟ್ಟಿಲಾಗಿದೆ. ಮೆಟ್ಟಿಲ ಮೇಲೆ ಯಾರೂ ಮನೆ ಮಾಡಲ್ಲ.

ಇದರಿಂದ ನಷ್ಟ ಆಗೋದು ಕಸುಬಿಗೆ. ವಿಜಯನಗರದ ಯಾವುದೇ ದರ್ಶಿನಿ ಮುಂದೆ ಶನಿವಾರ ಸಂಜೆ ಕಾಫಿ ಹಿಡಿದು ನಿಂತರೆ, ‘ನನ್ನತ್ರ ಒಂದು ಒನ್‌ಲೈನ್ ಇದೆ ಮಗಾ’ ಅನ್ನೋ ಮಾತು ಕಿವಿಗೆ ಬೀಳುತ್ತೆ. ಹಳ್ಳಿಯಿಂದ ಬಂದ ನಮಗಂತೂ ಇನ್ನೂ ಧೈರ್ಯ: ‘ನಮ್ಮೂರಲ್ಲಿ ಇಂಥ ನೂರು ಕಥೆ ಇವೆ.’ ಇರಬಹುದು. ಆದರೆ ಊರಲ್ಲಿರೋ ಕಥೆ ಬೇರೆ, ಚಿತ್ರಕಥೆ ಬೇರೆ.

ಈ ವ್ಯತ್ಯಾಸ ತಿಳೀಬೇಕಂದ್ರೆ ‘ತಿಥಿ’ಯನ್ನ ಇನ್ನೊಂದು ಸಲ ನೋಡಬೇಕು. 2015ರಲ್ಲಿ ಲೊಕಾರ್ನೋದಲ್ಲಿ ಎರಡು ಪ್ರಶಸ್ತಿ ಗೆದ್ದ ಸಿನಿಮಾ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದ್ದರಿಂದ ‘ಅದಕ್ಕೆಲ್ಲಿ ಸ್ಕ್ರಿಪ್ಟು, ಜನ ಇದ್ದಂಗೇ ಶೂಟ್ ಮಾಡಿದಾರೆ’ ಅನ್ನೋರು ಬಹಳ. ಇದು ತಪ್ಪು ಓದು. ಸೆಂಚುರಿ ಗೌಡ ಸಾಯ್ತಾನೆ, ಹನ್ನೊಂದನೇ ದಿನ ತಿಥಿ. ಸಿನಿಮಾದ ಗಡಿಯಾರ ಅಲ್ಲೇ ಶುರು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು, ಮರಿಮಗ ಅಭಿಗೆ ಕುರಿಗಾಹಿ ಹುಡುಗಿ ಕಾವೇರಿ ಬೇಕು, ಮಗ ಗಡ್ಡಪ್ಪನಿಗೆ ಏನೂ ಬೇಡ. ಏನೂ ಬೇಡದವನೇ ಎಲ್ಲರ ದಾರಿಗೂ ಅಡ್ಡ! ಅವನ ಸಹಿ ಸಿಗದೆ ತಮ್ಮಣ್ಣ ಬದುಕಿರೋ ಅಪ್ಪನನ್ನ ಕಾಗದದಲ್ಲಿ ಸಾಯಿಸ್ತಾನೆ. ಊರು ಬಿಟ್ಟ ಗಡ್ಡಪ್ಪ ಹೋಗಿ ಸೇರೋದು ಅದೇ ಕುರಿಗಾಹಿಗಳನ್ನ. ಸಡಿಲವಾಗಿ ಕಾಣೋ ಒಂದೊಂದು ದೃಶ್ಯವೂ ಒಳಗೆ ಇನ್ನೊಂದಕ್ಕೆ ಗಂಟು ಹಾಕಿಕೊಂಡಿದೆ.

ವೀಕೆಂಡ್ ಕ್ಲಾಸುಗಳಲ್ಲಿ ‘ಇಷ್ಟನೇ ಪುಟಕ್ಕೆ ತಿರುವು ಬರಲಿ’ ಅಂತ ಹೇಳಿಕೊಡ್ತಾರೆ. ಸೂತ್ರ ಗೊತ್ತಿರೋದು ಒಳ್ಳೇದೇ. ಆದರೆ ‘ತಿಥಿ’ಯ ಗಡುವು ಯಾವ ಟೆಂಪ್ಲೇಟಿನಿಂದಲೂ ಬಂದಿದ್ದಲ್ಲ, ಊರಿನ ಆಚರಣೆಯಿಂದ ಬಂದಿದ್ದು. ಸಾವಿನ ಮನೆಯ ಹನ್ನೊಂದು ದಿನ ನಮಗೆಲ್ಲ ಗೊತ್ತಿದ್ದದ್ದೇ. ಅದು ಕಥೆಯ ಚೌಕಟ್ಟಾಗಬಹುದು ಅಂತ ಹೊಳೆಯೋದೇ ಕಸುಬು. ಇದನ್ನ ಬರೆದದ್ದೂ ಒಬ್ಬರಲ್ಲ, ಇಬ್ಬರು. ಪ್ರಾಗ್‌ನಲ್ಲಿ ಸಿನಿಮಾ ಓದಿದ ರಾಮ್ ರೆಡ್ಡಿ, ಆ ಊರನ್ನ ಒಳಗಿನಿಂದ ಬಲ್ಲ ಈರೇಗೌಡ. ಒಬ್ಬರಿಗೆ ಸಹಜ ಅನಿಸಿದ್ದನ್ನ ಇನ್ನೊಬ್ಬರು ‘ಯಾಕೆ?’ ಅಂತ ಕೇಳಬಲ್ಲರು. ಸಹಲೇಖಕ ಬೇಕಾಗೋದು ಇದಕ್ಕೇ.

ಹಾಗಾದ್ರೆ ಬರೀ ಬರಹಗಾರನಾಗಿ ಬದುಕೋಕೆ ಆಗುತ್ತಾ? ಸುಲಭ ಅಲ್ಲ. ಹೆಸರು, ದುಡ್ಡು ಎರಡೂ ನಿರ್ದೇಶಕನ ಕಡೆಗೇ ವಾಲಿವೆ. ಕೆಂಗೇರಿ ಕಡೆ ಮನೆ ಸಾಲದ ಇಎಂಐ ಕಟ್ಟೋನಿಗೆ ‘ಪ್ಯಾಶನ್‌ಗೋಸ್ಕರ ಕೆಲಸ ಬಿಡು’ ಅನ್ನೋದು ಬೇಜವಾಬ್ದಾರಿ ಮಾತು. ಕೆಲಸ ಇಟ್ಟುಕೊಂಡೇ ಬರೀಬಹುದು, ಯಾಕಂದ್ರೆ ಬರೆಯೋಕೆ ಕ್ಯಾಮೆರಾ ಬಾಡಿಗೆ ಬೇಡ. ಆದರೆ ಒನ್‌ಲೈನ್ ಹೇಳ್ಕೊಂಡು ತಿರುಗೋ ಬದಲು ಪೂರ್ತಿ ಸ್ಕ್ರಿಪ್ಟ್ ಮುಗಿಸಬೇಕು. ಮುಲಾಜಿಲ್ಲದೆ ಓದೋರ ಕೈಗೆ ಕೊಡಬೇಕು. ಟೈಟಲ್ ಕಾರ್ಡಿನಲ್ಲಿ ಹೆಸರು ಎಲ್ಲಿ, ಹೇಗೆ ಅನ್ನೋದನ್ನ ನರೇಷನ್‌ಗೆ ಮುಂಚೆ ಅಲ್ಲದಿದ್ದರೂ ಅಡ್ವಾನ್ಸಿಗೆ ಮುಂಚೆ ಕಾಗದದ ಮೇಲೆ ತರಿಸಬೇಕು. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಆಚೆಗಿನ ಬಳಕೆಯಿಂದ ಬರೋ ರಾಯಲ್ಟಿಯ ಹಕ್ಕನ್ನ ಬರಹಗಾರ ನಿರ್ಮಾಪಕನಿಗೆ ಬರೆದುಕೊಡುವಂತಿಲ್ಲ. ಸಹಿ ಹಾಕೋಕೆ ಮೊದಲು ಇಷ್ಟಾದರೂ ಗೊತ್ತಿರಲಿ.

‘ಅಂಧಾಧುನ್’ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂದಾಗ ಅದನ್ನ ಹಂಚಿಕೊಂಡವರು ಐದು ಜನ. ಅವರಲ್ಲಿ ನಮ್ಮ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನಿರ್ದೇಶಕ ಹೇಮಂತ್ ರಾವ್ ಕೂಡ ಒಬ್ಬರು. ಐವರಲ್ಲಿ ಒಬ್ಬರಾಗಿ ಬರೆದದ್ದರಿಂದ ಅವರ ಹೆಸರೇನೂ ಸಣ್ಣದಾಗಲಿಲ್ಲ.

ನೋಡೋ ನಾವೂ ಸ್ವಲ್ಪ ಬದಲಾಗಬೇಕು. ಟೀಮಿನಲ್ಲಿ ಯಾರಾದ್ರೂ ‘ಸ್ಕ್ರಿಪ್ಟ್ ಬರೀತಿದೀನಿ’ ಅಂದ್ರೆ ‘ಡೈರೆಕ್ಷನ್ ಯಾವಾಗ?’ ಅಂತ ಕೇಳಬೇಡಿ. ‘ಎಷ್ಟನೇ ಡ್ರಾಫ್ಟು?’ ಅಂತ ಕೇಳಿ.